ಟಾಟಾ ಹಾಡು

ಮಾರ್ನಿ ಹಾಡಿದಳು ಎಂಬ ಸುದ್ದಿ ಹಬ್ಬಿ ಹದಿನಾಲ್ಕು ತಿಂಗಳಾಗಿದ್ದರೂ ಕಡಲಂಚಿನ ಊರಾದ ವಾರ್ನಂಬೂಲಿನಲ್ಲಿ ಅದಿನ್ನೂ ಹಳಸಿರಲಿಲ್ಲ. ಅವಳ ತಾಯಿ ಕೆರಿನ್ ಡೇಸಿ, ಹಾಲಿನಪುಡಿ ಕಾರ್ಖಾನೆಯ ಪಾಳಿ ಮುಗಿಸಿ ಬ್ರೆಡ್ಡು ಕೊಳ್ಳಲು ನಿಂತರೆ ಸಾಕು, ಬೇಕರಿಯವಳು ಗಲ್ಲಾ ಬಿಟ್ಟು ಈಚೆ ಬಂದು, "ಎಲ್ಲಿ, ಇನ್ನೊಂದ್ಸಲ ತೋರ್ಸೇ" ಎನ್ನುವಳು. ಕೆರಿನ್‌ಗೂ ಬೇಕಾದದ್ದು ಅದೇ. ಸಾಲಿನಲ್ಲಿ ನಿಂತವರು ಗೊಣಗಿದರೂ ಲೆಕ್ಕಿಸದೆ ಫೋನು ತೆಗೆಯುವಳು.

ನಲವತ್ತು ಸೆಕೆಂಡಿನ ವಿಡಿಯೋ ಅದು. ಆಗ ಆರು ವರ್ಷದವಳಾಗಿದ್ದ ಮಾರ್ನಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಾಳೆ. ಹುಟ್ಟಿದಾಗಿನಿಂದ ಒಂದು ಮಾತನ್ನೂ ಆಡದ ಹುಡುಗಿ. ಆಟಿಸಂ ಎಂದು ಮೂರನೆಯ ವರ್ಷಕ್ಕೇ ಡಾಕ್ಟರು ಹೇಳಿದ್ದರು, ಮಾತು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಎರಡೂ ಕಡೆ ಕಾಲಿಟ್ಟಿದ್ದರು. ಆ ಹುಡುಗಿ ತೆಳುವಾದ, ಒಂಚೂರೂ ಅಪಸ್ವರವಿಲ್ಲದ ದನಿಯಲ್ಲಿ ಹಾಡುತ್ತಿದ್ದಾಳೆ: "ಟಾಟಾ ಗ್ಲೆನಿಸ್, ಟಾಟಾ ಗಿಟಾರು, ಟಾಟಾ ಡೋಲು, ಟಾಟಾ."

ಗ್ಲೆನಿಸ್ ಪಾಸ್ಕೋ ಎಂದರೆ ಮಕ್ಕಳಿಗೆ ಸಂಗೀತ ಚಿಕಿತ್ಸೆ ಕೊಡುವವಳು. ಐವತ್ತು ದಾಟಿದ, ಗಟ್ಟಿ ನಗೆಯ ಹೆಂಗಸು. ಪ್ರತಿ ಗುರುವಾರ ನಾಲ್ಕು ಗಂಟೆಗೆ ಬೆನ್ನಿಗೆ ಗಿಟಾರು, ಕಂಕುಳಲ್ಲಿ ಡೋಲು ಇಟ್ಟುಕೊಂಡು ಕೆರಿನ್‌ಳ ಮನೆಗೆ ಬರುತ್ತಿದ್ದಳು. ಬಂದ ಕೂಡಲೇ ನಮಸ್ಕಾರದ ಹಾಡು, ಮುಕ್ಕಾಲು ಗಂಟೆ ಬಿಟ್ಟು ಹೊರಡುವಾಗ ಟಾಟಾ ಹಾಡು. ಈ ಎರಡನ್ನು ಅವಳು ಒಮ್ಮೆಯೂ ತಪ್ಪಿಸಿದವಳಲ್ಲ. ಯಾವಾಗ ಶುರು, ಯಾವಾಗ ಮುಗಿತು ಅಂತ ಗೊತ್ತಾದರೆ ಮಗುವಿಗೆ ಭಯವಿರುವುದಿಲ್ಲ ಎನ್ನುತ್ತಿದ್ದಳು. ಅವಳದು ಇನ್ನೊಂದು ನಿಯಮವೂ ಇತ್ತು. "ಮಗು ಏನೇ ಕೊಡ್ಲಿ ಕೆರಿನ್, ಒಂದು ಸದ್ದಾದ್ರೂ ಸರಿ, ನಾವದನ್ನ ಹಿಡ್ಕೋಬೇಕು, ಬೆಳೆಸ್ಬೇಕು. ಅಲ್ಲಿಗೇ ಬಿಟ್ಬಿಡಬಾರದು."

ಕೆರಿನ್‌ಗೆ ಬೇಕಾಗಿದ್ದದ್ದು ಒಂದೇ. ಮಗಳ ಬಾಯಲ್ಲಿ 'ಅಮ್ಮ' ಎಂದು ಒಮ್ಮೆ ಕೇಳಬೇಕು. ಗಂಡ ದೇಶದ ಪಶ್ಚಿಮದ ಗಣಿ ಕೆಲಸಕ್ಕೆಂದು ಹೋದವನು ಅಲ್ಲೇ ಬೇರೂರಿದಾಗಲೂ ಅವಳು ಇಷ್ಟು ಹಂಬಲಿಸಿರಲಿಲ್ಲ. ಗಿಟಾರಿಗೆ ಒಂದು ಹೆಸರು, ಡೋಲಿಗೆ ಒಂದು ಹೆಸರು, ವಾರಕ್ಕೊಮ್ಮೆ ಬರುವ ಗ್ಲೆನಿಸ್‌ಗೂ ಹೆಸರು, ಏಳು ವರ್ಷ ಅಂಡು ತೊಳೆದವಳಿಗೆ ಮಾತ್ರ ಇಲ್ಲ. ಅವಳ ಕಾಟ ತಾಳಲಾರದೆ ಗ್ಲೆನಿಸ್ ನಮಸ್ಕಾರದ ಹಾಡಿಗೆ "ಅಮ್ಮ ಬಂದಳು" ಎಂಬ ಸಾಲು ಸೇರಿಸಿದ್ದಳು. ಆದರೆ ಆ ಹಾಡಿಗೆ ಮಾರ್ನಿ ಒಂದು ದಿನವೂ ತುಟಿ ಬಿಚ್ಚಲಿಲ್ಲ. ಯಾವಾಗಲೂ ಟಾಟಾ ಹಾಡೇ. ಯಾಕೆ ಎಂದು ಕೇಳಿದರೆ, "ಆ ರಾಗ ಮೆತ್ತಗೆ ಕೆಳಗಿಳಿಯುತ್ತೆ ನೋಡು, ಅದು ಅವಳಿಗೆ ಹಿತ" ಎಂದು ಗ್ಲೆನಿಸ್ ವಿವರಿಸಿದ್ದಳು. ಕೆರಿನ್ ಅದನ್ನೂ ಬೇಕರಿಯಲ್ಲಿ ಹೇಳಿಕೊಂಡು ಬಂದಿದ್ದಳು.

ಆಗಸ್ಟಿನ ಚಳಿಯ ಒಂದು ಶನಿವಾರ ಫುಟ್‌ಬಾಲ್ ಕ್ಲಬ್ಬಿನ ಹೆಂಗಸರು ಚಹಾ ಕೂಟ ಇಟ್ಟುಕೊಂಡರು. ಊರಿನ ಬೇರೆ ಮಕ್ಕಳಿಗೂ ಈ ಚಿಕಿತ್ಸೆ ಸಿಗಲೆಂದು ಹಣ ಕೂಡಿಸುವುದು ಉದ್ದೇಶ. ಹೊರಗೆ ಸಮುದ್ರದ ಗಾಳಿ ಗೋಲುಕಂಬಗಳನ್ನೇ ಕಿತ್ತೊಯ್ಯುವ ಹಾಗೆ ಬೀಸುತ್ತಿತ್ತು. ಒಳಗೆ ಉದ್ದನೆಯ ಮೇಜಿನ ಮೇಲೆ ಸಾಸೇಜ್ ರೋಲು, ಕೊಬ್ಬರಿ ತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು, ದೊಡ್ಡ ಸ್ಟೀಲಿನ ಪಾತ್ರೆಯಲ್ಲಿ ಕುದಿಯುವ ನೀರು. ಗದ್ದಲ ತಡೆಯದ ಮಾರ್ನಿಯನ್ನು ನೆರೆಮನೆಯವಳ ಬಳಿ ಬಿಟ್ಟು ಕೆರಿನ್ ತನ್ನ ಜೊತೆಗೇ ಇರುವ ಅಪ್ಪನನ್ನು ಕರೆದುಕೊಂಡು ಬಂದಿದ್ದಳು. ಕೂದಲಿಗೆ ಬಣ್ಣ ಹಾಕಿಕೊಂಡಿದ್ದಳು. ಮದುವೆ ಮನೆಯಲ್ಲಿ ಮದುಮಗಳ ತಾಯಿ ಕೂರುವ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಅಪ್ಪ ಕ್ಲಾರಿ ಡೇಸಿ ಆ ಕ್ಲಬ್ಬಿನ ಹುಡುಗರಿಗೆ ಮೂವತ್ತು ವರ್ಷ ಆಟ ಕಲಿಸಿದವನು. ಪ್ರತಿ ಸೋಮವಾರ ಕ್ಲಬ್ಬಿನ ಗೋಡೆಯ ದೊಡ್ಡ ಟಿವಿಯ ಮುಂದೆ ಹುಡುಗರನ್ನು ಕೂರಿಸಿ, ಶನಿವಾರದ ಆಟವನ್ನು ಹಿಂದೆ ಮುಂದೆ ಓಡಿಸಿ ತೋರಿಸುತ್ತಿದ್ದ. "ಚೆಂಡನ್ನ ಎಲ್ಲಾ ಕತ್ತೆಗಳೂ ನೋಡ್ತವೆ ಕಣ್ರೋ. ನೀವು ಚೆಂಡಿಲ್ಲದೋನ ಕಾಲು ನೋಡಿ. ಅವ್ನು ಎಲ್ಲಿಗೆ ಹೋಗ್ಬೇಕು ಅಂತಿದ್ದಾನೆ ಅಂತ ಅದು ಹೇಳುತ್ತೆ." ಬೈಗುಳವೆಲ್ಲ ಸೇರಿ ಒಂದೂವರೆ ಗಂಟೆ ಈ ಪಾಠ ನಡೆಯುತ್ತಿತ್ತು. ಈಗ ಕಿವಿ ಸ್ವಲ್ಪ ಮಂದವಾಗಿತ್ತು, ಕಣ್ಣು ಮಾತ್ರ ಹಾಗೇ ಇತ್ತು.

ಗ್ಲೆನಿಸ್ ಆ ದಿನ ನಲವತ್ತು ಸೆಕೆಂಡಿನ ತುಣುಕಲ್ಲದೆ ಹನ್ನೆರಡು ನಿಮಿಷದ ಇಡೀ ವಿಡಿಯೋವನ್ನೇ ತಂದಿದ್ದಳು. ಯಾರೂ ಅದನ್ನು ಪೂರ್ತಿ ನೋಡಿರಲಿಲ್ಲ. ಅದೇ ಟಿವಿಯ ಪರದೆಯ ಮೇಲೆ ಮಾರ್ನಿ ಬಂದಳು. ಹಾಡಿದಳು. ಗ್ಲೆನಿಸ್ ಗಿಟಾರಿನಲ್ಲಿ ಆ ರಾಗವನ್ನು ಎತ್ತಿಕೊಂಡಳು, "ಟಾಟಾ ಕಿಟಕಿ, ಟಾಟಾ ಕುರ್ಚಿ" ಎಂದು ಬೆಳೆಸಿದಳು. ಮಾರ್ನಿ ಇನ್ನೂ ಜೋರಾಗಿ ಹಾಡಿದಳು. ದನಿ ಏರುತ್ತಾ ಏರುತ್ತಾ ಹೋಯಿತು. ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ತೆಗೆದರು. ಕೊನೆಗೆ ಹುಡುಗಿ ಮೇಜಿನ ಕೆಳಗೆ ನುಸುಳಿ ಸುಮ್ಮನೆ ಮಲಗಿಬಿಟ್ಟಳು. "ಎಷ್ಟು ಶಾಂತವಾಗಿಬಿಟ್ಟಳು ನೋಡಿ" ಎಂದಳು ಗ್ಲೆನಿಸ್. ಚಪ್ಪಾಳೆ ಬಿತ್ತು.

"ಗ್ಲೆನಿಸ್, ಸ್ವಲ್ಪ ಹಿಂದಕ್ಕೆ ಓಡಿಸಮ್ಮ" ಎಂದ ಕ್ಲಾರಿ.

"ಯಾಕೆ ಕ್ಲಾರಿ, ಅಂಪೈರು ಮೋಸ ಮಾಡಿದ್ನಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಕೆರಿನ್ ಕೂಡ ನಕ್ಕಳು.

"ಮೊದಲಿಂದ ಹಾಕು. ಸದ್ದು ತೆಗೆದುಬಿಡು. ನಂಗೆ ಹೇಗೂ ಸರಿಯಾಗಿ ಕೇಳ್ಸಲ್ಲ."

ಮುದುಕನ ಆಸೆ ಎಂದು ಗ್ಲೆನಿಸ್ ಸದ್ದು ತೆಗೆದು ಮತ್ತೆ ಹಾಕಿದಳು.

ಹಾಡು ಹೋದ ಮೇಲೆ ಉಳಿದದ್ದು ಬೇರೆಯೇ ಆಗಿತ್ತು. ಮಾರ್ನಿ ಎದ್ದು ಹೋಗಿ ಗಿಟಾರಿನ ಖಾಲಿ ಪೆಟ್ಟಿಗೆಯನ್ನು ಎರಡು ಕೈಯಿಂದ ಎಳೆದು ತಂದು ಗ್ಲೆನಿಸ್‌ಳ ಮೊಣಕಾಲಿಗೆ ತಾಗಿಸಿದಳು. ಮುಚ್ಚಳ ತೆರೆದಳು. ಬಾಯಿ ಆಡಿಸಿದಳು. ಗ್ಲೆನಿಸ್ ನಗುತ್ತಾ ಕಾಲಿನಿಂದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು, ನುಡಿಸುತ್ತಾ ಹೋದಳು. ಮಾರ್ನಿ ಮತ್ತೆ ತಂದಳು. ಮತ್ತೆ ಸರಿಸಿದ್ದಾಯಿತು. ಮೂರನೆಯ ಸಲ ಹುಡುಗಿ ಬಾಗಿಲ ಬಳಿ ಹೋಗಿ ಹಿಡಿಕೆ ಹಿಡಿದು ನಿಂತಳು. ಪಾದಗಳೆರಡೂ ಬಾಗಿಲ ಕಡೆಗಿದ್ದವು. ಒಂದು ಕೈ ಹಿಡಿಕೆಯ ಮೇಲಿತ್ತು, ಇನ್ನೊಂದು ಕಿವಿಯ ಮೇಲೆ. ಬಾಯಿ ದೊಡ್ಡದಾಗುತ್ತಾ ಹೋಯಿತು. ಗ್ಲೆನಿಸ್ ತಲೆಯಾಡಿಸುತ್ತಾ ನುಡಿಸುತ್ತಲೇ ಇದ್ದಳು.

ಮುಂದಿನ ಸಾಲಿನ ಹೆಂಗಸರು ಕರವಸ್ತ್ರ ಮಡಚಿಟ್ಟರು.

"ಅವ್ಳು ಹೊರಡು ಅಂತಿದ್ದಾಳಲ್ಲಮ್ಮ ನಿಂಗೆ" ಎಂದ ಕ್ಲಾರಿ. ಗಟ್ಟಿಯಾಗೇನೂ ಹೇಳಲಿಲ್ಲ.

"ಬಾಯ್ಮುಚ್ಚಪ್ಪಾ!" ಕೆರಿನ್ ಎದ್ದು ನಿಂತಿದ್ದಳು. ತಾನು ಯಾವಾಗ ಎದ್ದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. "ಇದೇನು ನಿನ್ನ ಹಾಳು ಫುಟ್‌ಬಾಲಾ? ಮಗು ಹಾಡ್ತಿದೆ ಕಣಪ್ಪಾ!"

ಗ್ಲೆನಿಸ್ ರಿಮೋಟಿನ ಮೇಲೆ ಬೆರಳಾಡಿಸಿದಳು, ನಿಲ್ಲಿಸಲೆಂದೋ ಏನೋ. ತಪ್ಪು ಗುಂಡಿ ಒತ್ತಿಹೋಗಿ ಸದ್ದು ವಾಪಸು ಬಂತು. ಹುಡುಗಿ ಕಿರುಚುವ ಹಾಗೆ ಹಾಡುತ್ತಿದ್ದಳು. ಅದರ ಮೇಲೆ, ಕ್ಯಾಮೆರಾದ ಹಿಂದಿನಿಂದ, ಸಂತೋಷದಿಂದ ಒಡೆದುಹೋದ ಒಂದು ಹೆಂಗಸಿನ ದನಿ ಕೇಳಿತು: "ಇನ್ನೊಂದ್ಸಲ ಪುಟ್ಟಾ! ಇನ್ನೊಂದ್ಸಲ!"

ಅದು ತನ್ನದೇ ದನಿ ಎಂದು ಗುರುತಾದಾಗ ಕೆರಿನ್‌ಗೆ ಎದೆಗೆ ಒದ್ದ ಹಾಗಾಯಿತು. ಆ ಹಾಡನ್ನು ಅವಳು ನೂರಾರು ಸಲ ಕೇಳಿದ್ದಳು. ಬೇಕರಿಯಲ್ಲಿ, ಕಾರ್ಖಾನೆಯ ಊಟದ ಕೋಣೆಯಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂಡ. ಅಷ್ಟೂ ಸಲ ಹೆಮ್ಮೆಪಟ್ಟಿದ್ದಳು. ಮಗು ಹೊರಗೆ ಹೋಗಿ ಎಂದು ಅಂಗಲಾಚುತ್ತಿದ್ದರೆ ಹೆತ್ತ ತಾಯಿ ಇನ್ನೊಮ್ಮೆ ಅಂಗಲಾಚು ಎಂದು ಹುರಿದುಂಬಿಸುತ್ತಿದ್ದಾಳೆ. ಅದನ್ನು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದಾಳೆ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಯಾರ ಮುಖವನ್ನೂ ನೋಡದೆ ಹೊರಗೆ ಬಂದು ಕಾರು ಹತ್ತಿದಳು. ಅಪ್ಪ ಹಿಂದೆಯೇ ಓಡಿಬಂದು ಪಕ್ಕದಲ್ಲಿ ಕೂತ.

ಮಂಗಳವಾರ ಸಂಜೆ ಗ್ಲೆನಿಸ್ ಬಂದಳು. ಗಿಟಾರಿರಲಿಲ್ಲ. ಮೂರೇ ದಿನದಲ್ಲಿ ಮುಖ ಇಳಿದುಹೋಗಿತ್ತು. ಕೆರಿನ್ ಒಳಗೆ ಕರೆಯಲಿಲ್ಲ. ವರಾಂಡದಲ್ಲೇ ನಿಲ್ಲಿಸಿದಳು.

"ಎಲ್ಲಾ ನೋಡಿದೆ ಕೆರಿನ್. ಐವತ್ಮೂರು ವಾರದ ವಿಡಿಯೋನೂ ಇದೆ ನನ್ನ ಹತ್ರ. ನಲವತ್ತೊಂದು ಸಲ ಅವ್ಳು ಮಧ್ಯದಲ್ಲೇ ಟಾಟಾ ಹಾಡಿದ್ದಾಳೆ. ಒಂದ್ಸಲ ಮೂರನೇ ನಿಮಿಷಕ್ಕೇ."

"ನೀನೇನು ಮಾಡ್ದೆ?"

"ಬೆಳೆಸ್ದೆ. ಅವ್ಳು ಹಾಡಿದಷ್ಟೂ ನಾನು ಉದ್ದ ಮಾಡ್ದೆ. ಒಂದು ದಿನಾನೂ ಎದ್ದು ಹೋಗ್ಲಿಲ್ಲ. ಇಪ್ಪತ್ತೊಂದು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ ನಾನು. ಇನ್ನೆಷ್ಟು ಮಕ್ಕಳಿಗೆ ಹೀಗೆ ಮಾಡಿದೀನೋ."

ಆ ಕೊನೆಯ ಮಾತು ಕೆರಿನ್‌ಗೂ ನಾಟಿತು. ಆದರೂ ಅವಳ ಸಂಕಟ ಬೇರೆ ಇತ್ತು, ಅದೇ ಮೊದಲು ಹೊರಗೆ ಬಂತು. "ಹಾಗಾದ್ರೆ ನನ್ ಮಗಳು ಹಾಡ್ಲೇ ಇಲ್ಲ ಅನ್ನು. ಎಲ್ಲಾ ನಂದೇ ಭ್ರಮೆ."

"ಅಯ್ಯೋ, ಮಾತಾಡಿದ್ದಾಳೆ ಕಣೇ! ಹದಿನಾಲ್ಕು ತಿಂಗಳಿಂದ ಮಾತಾಡ್ತಾನೇ ಇದ್ದಾಳೆ. ಅವಳಿಗಿರೋದು ಅದೊಂದೇ ಮಾತು. ನಾವಿಬ್ರೂ ಅದಕ್ಕೆ ತಾಳ ಹಾಕಿದ್ವಿ." ಗ್ಲೆನಿಸ್ ಕಣ್ಣೊರೆಸಿಕೊಂಡಳು. "ಗುರುವಾರ ಒಂದೇ ಒಂದ್ಸಲ ಬರೋಕೆ ಬಿಡು. ಅವ್ಳು ಟಾಟಾ ಅಂದ ತಕ್ಷಣ ಎದ್ದು ಹೋಗ್ತೀನಿ. ಅಂದಿದ್ದು ನಡೆಯುತ್ತೆ ಅಂತ ಗೊತ್ತಾಗ್ಬೇಕು ಅವಳಿಗೆ. ಇಲ್ದಿದ್ರೆ ಒಂದು ದಿನ ಅದನ್ನೂ ಬಿಟ್ಬಿಡ್ತಾಳೆ."

"ಮತ್ತೆ ನೀನು ಬರೋದೇ ಬೇಡ ಅಂದ್ರೆ?"

"ಬರಲ್ಲ."

"ನೀನು ಬರದೆ ಇದ್ರೆ ಅವ್ಳು 'ಅಮ್ಮ' ಅನ್ನೋದು ಯಾವಾಗ?" ಕೆರಿನ್ ಕಿರುಚಿದಳು. ಕಿರುಚಿದ ಮೇಲೆ ನಾಚಿಕೆಯಾಯಿತು. ಮಗಳ ಸಂಕಟದ ಮಧ್ಯೆಯೂ ತನಗೆ ತನ್ನದೇ ಚಿಂತೆ. ಕೊನೆಗೆ ಗುರುವಾರ ಬಾ ಎಂದು ಕೆರಿನ್ ಒಪ್ಪಿದಳು.

ಗುರುವಾರ ನಾಲ್ಕು ಗಂಟೆಗೆ ಗ್ಲೆನಿಸ್ ಎಂದಿನಂತೆ ಬಂದು ಕೂತಳು. ಗಿಟಾರು ತೆಗೆದು ನಮಸ್ಕಾರದ ಹಾಡಿನ ಎರಡು ಸಾಲು ಹಾಡಿದಳು. ಮಾರ್ನಿ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದಳು. ಮೂರನೆಯ ಸಾಲಿಗೆ ಅವಳ ತೆಳು ದನಿ ಬಂತು, ಸುಸ್ತಾದ ದನಿ, ನಡೆಯುವುದಿಲ್ಲವೆಂದು ಗೊತ್ತಿದ್ದೂ ಕೇಳುವವರ ದನಿ: "ಟಾಟಾ ಗ್ಲೆನಿಸ್..."

ಗ್ಲೆನಿಸ್ ತಂತಿಯ ಮೇಲೆ ಅಂಗೈ ಇಟ್ಟು ನಾದ ನಿಲ್ಲಿಸಿದಳು. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟಳು. "ಟಾಟಾ ಮಾರ್ನಿ" ಎಂದು ಒಂದೇ ಮಾತು ಹೇಳಿ, ಬಾಗಿಲು ತೆರೆದು ಹೊರಟೇಹೋದಳು.

ಆ ಮನೆಯಲ್ಲಿ ಆವತ್ತು ಎಲ್ಲರಿಗಿಂತ ಹೆಚ್ಚು ದಿಗಿಲುಬಿದ್ದವಳು ಮಾರ್ನಿ. ಅವಳು ಗಕ್ಕನೆ ತಿರುಗಿದಳು. ಮುಚ್ಚಿದ ಬಾಗಿಲನ್ನು ನೋಡಿದಳು. ಖಾಲಿ ಕುರ್ಚಿಯನ್ನು ಮುಟ್ಟಿ ನೋಡಿದಳು. ಹೊರಗೆ ಕಾರು ಹೊರಟ ಸದ್ದಿಗೆ ಕಿಟಕಿಗೆ ಓಡಿ, ಗಾಜಿಗೆ ಮೂಗು ಒತ್ತಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಳು. ಬಾಯಿ ತೆರೆದೇ ಇತ್ತು. ಮಗಳ ಮುಖದಲ್ಲಿ ಅಂಥ ಬೆರಗನ್ನು ಕೆರಿನ್ ಎಂದೂ ಕಂಡಿರಲಿಲ್ಲ. ತನ್ನ ಬಾಯಿಂದ ಹೊರಟದ್ದು ಹೊರಗಿನ ಲೋಕದಲ್ಲಿ ಒಂದು ಕೆಲಸ ಮಾಡಿತಲ್ಲ ಎಂದು ಅವಳು ತತ್ತರಿಸಿದ್ದಳು.

ಅವಸರದಲ್ಲಿ ಗ್ಲೆನಿಸ್ ಡೋಲನ್ನು ಬಿಟ್ಟುಹೋಗಿದ್ದಳು. ಮಾರ್ನಿ ಅದರ ಸುತ್ತ ಒಂದು ಸುತ್ತು ಬಂದಳು. ಪರೀಕ್ಷೆ ಮಾಡುವವಳಂತೆ, "ಟಾಟಾ ಡೋಲು" ಎಂದಳು.

"ನಿಂತಿದ್ದೀಯಲ್ಲೇ, ಎತ್ಕೊಂಡು ಓಡು!" ಎಂದು ಕ್ಲಾರಿ ಒಳಗಿನಿಂದ ಕೂಗಿದ. ಕೆರಿನ್ ಡೋಲು ಹೊತ್ತು ವರಾಂಡಕ್ಕೆ ಓಡಿದಳು.

ಆಮೇಲಿನ ದಿನಗಳಲ್ಲಿ ಆ ಮನೆಯಿಂದ ಏನೇನು ಗಡಿಪಾರಾಗಲಿಲ್ಲ! ಟಾಟಾ ಬಟಾಣಿ. ಟಾಟಾ ಬೂಟು. ಟಾಟಾ ಇಸ್ತ್ರಿ ಮೇಜು. ಬಟಾಣಿ, ಬೂಟು, ಇಸ್ತ್ರಿ ಈ ಮಾತುಗಳೆಲ್ಲ ಅವಳೊಳಗೆ ಇದ್ದವು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ಹೊರಬಂದಾಗಲೂ, ಅದು 'ಅಮ್ಮ' ಅಲ್ಲವೆಂದು, ಕೆರಿನ್‌ಗೆ ಒಂದೊಂದು ಏಟು. ಟಿವಿಯಲ್ಲಿ ಫುಟ್‌ಬಾಲ್ ಪಂದ್ಯದ ಕೊನೆಯ ಕಾಲುಭಾಗ ಬಿಗಿಯಾಗಿ ನಡೆಯುತ್ತಿದ್ದಾಗ, "ಟಾಟಾ ಅಜ್ಜ" ಎಂದು ಬಂತು. ಕ್ಲಾರಿ ಮೊಮ್ಮಗಳನ್ನೂ ಟಿವಿಯನ್ನೂ ಎರಡೆರಡು ಸಲ ನೋಡಿದ. "ಮೂವತ್ತು ವರ್ಷ ನಾನು ಬೇರೆಯೋರನ್ನ ಬೆಂಚಿಗೆ ಕಳ್ಸಿದ್ದೆ" ಎಂದು ಗೊಣಗುತ್ತಾ ಹಿತ್ತಲಿನ ಶೆಡ್ಡಿಗೆ ಹೋಗಿ ಮುಕ್ಕಾಲು ಗಂಟೆ ಚಳಿಯಲ್ಲಿ ಕೂತ. ಪಂದ್ಯ ಒಂದೇ ಪಾಯಿಂಟಿನಲ್ಲಿ ಕೈತಪ್ಪಿತ್ತು, ಅದನ್ನು ಅವನಿಗೆ ನೆರೆಯವರು ಹೇಳಿದರು.

ಗ್ಲೆನಿಸ್ ಮರುವಾರವೂ ಬಂದಳು. ಬಾಗಿಲಲ್ಲೇ ನಿಂತು, ಒಳಗೆ ಬರಲೋ ಬೇಡವೋ ಎಂದು ಕಾದಳು. ಟಾಟಾ ಬರಲಿಲ್ಲ. ಕೂತ ಮೇಲೆ ನಾಲ್ಕು ನಿಮಿಷಕ್ಕೆ ಬಂತು. ಅವಳು ಹೊರಟಳು. ಅದರ ಮುಂದಿನ ವಾರ ಹನ್ನೊಂದು ನಿಮಿಷ. ಆ ಹನ್ನೊಂದರಲ್ಲಿ ಮಾರ್ನಿ ಒಮ್ಮೆ ಹತ್ತಿರ ಬಂದು ಗಿಟಾರಿನ ಮರಕ್ಕೆ ಕೆನ್ನೆಯಿಟ್ಟಿದ್ದಳು. ಗ್ಲೆನಿಸ್ ಅದನ್ನು ವಿಡಿಯೋ ಮಾಡಲಿಲ್ಲ, ಬೆಳೆಸಲೂ ಹೋಗಲಿಲ್ಲ. ಕಾರಿನಲ್ಲಿ ಕೂತು ಅತ್ತದ್ದನ್ನು ಮಾತ್ರ ಕೆರಿನ್ ಕಿಟಕಿಯಿಂದ ನೋಡಿದಳು.

ಸೆಪ್ಟೆಂಬರಿನ ಎರಡನೆಯ ಭಾನುವಾರ ಮಧ್ಯಾಹ್ನ ಕೆರಿನ್ ಮಗಳ ತಲೆ ಬಾಚಲು ಕೂತಳು. ಅದು ಅವರಿಬ್ಬರ ಹಳೆಯ ಯುದ್ಧ. ಮಾರ್ನಿಯ ಕೂದಲು ದಟ್ಟ, ಸಿಕ್ಕು ಬಹಳ, ನೆತ್ತಿ ಮುಟ್ಟಿದರೆ ಬೆಂಕಿ ತಗುಲಿದವಳಂತೆ ಆಡುವಳು. ಮೊಣಕಾಲುಗಳ ಮಧ್ಯೆ ಹಿಡಿದುಕೊಂಡೇ ಬಾಚಬೇಕು. "ಆಯ್ತು ಪುಟ್ಟಾ, ಆಯ್ತು, ಇನ್ನೊಂದೇ ಸಿಕ್ಕು" ಎನ್ನುತ್ತಾ ಕೆರಿನ್ ಎಳೆದಳು.

"ಟಾಟಾ ಬಾಚಣಿಗೆ" ಎಂದಳು ಮಾರ್ನಿ.

ಕೆರಿನ್ ಬಾಚಣಿಗೆಯನ್ನು ಕೂಡಲೇ ಮಂಚದ ಮೇಲೆ ಎಸೆದಳು. ಆದರೆ ಸಿಕ್ಕು ಅರ್ಧಕ್ಕೆ ನಿಂತಿತ್ತು, ಕೈ ಕೇಳಲಿಲ್ಲ. ಬೆರಳಿನಿಂದ ಮೆಲ್ಲಗೆ ಬಿಡಿಸತೊಡಗಿದಳು. ಹುಡುಗಿಯ ಭುಜ ಬಿಗಿಯಾಯಿತು. ಅವಳು ಒಂದು ಕ್ಷಣ ತಡೆದಳು, ಏನನ್ನೋ ಹುಡುಕಿದ ಹಾಗೆ. ಮತ್ತೆ ಆ ಇಳಿಯುವ ರಾಗದಲ್ಲಿ, ಒಂದಿಷ್ಟೂ ತೊದಲದೆ, ಹೇಳಿದಳು.

"ಟಾಟಾ ಅಮ್ಮ."

ಕೆರಿನ್ ಏಳು ವರ್ಷ ಕಾದ ಮಾತು. ಯಾರೂ ಹೇಳಿಕೊಡದೆ, ಯಾವ ಹಾಡಿನ ಸಾಲೂ ಅಲ್ಲದೆ, ತಾನಾಗಿ ಹುಡುಕಿ ತೆಗೆದು ಆಡಿದ ಮಾತು. ಬಾಚಿ ತಬ್ಬಿಕೊಳ್ಳಬೇಕು, ಆ ನೆತ್ತಿಗೆ ಮುತ್ತಿಡಬೇಕು, ಕಿರುಚಬೇಕು ಎಂದು ಅವಳ ಮೈಯೆಲ್ಲ ಕುದಿಯಿತು. ತೋಳು ಆಗಲೇ ಎದ್ದಿತ್ತು. "ಇನ್ನೊಂದ್ಸಲ ಪುಟ್ಟಾ" ಎಂಬುದು ನಾಲಗೆಯ ತುದಿಗೆ ಬಂದಿತ್ತು.

ಅವಳು ತುಟಿ ಕಚ್ಚಿ ಹಿಡಿದಳು. ಮೊಣಕಾಲು ಸಡಿಲಿಸಿದಳು. ಎದ್ದು, ಮಗಳನ್ನು ಮುಟ್ಟದೆ, "ಟಾಟಾ ಮಾರ್ನಿ" ಎಂದು ಹೇಳಿ, ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಪಡಸಾಲೆ ದಾಟಿ ಹಿತ್ತಲಿನವರೆಗೂ ನಡೆದಳು. ಬಟ್ಟೆ ಒಣಹಾಕುವ ಕಂಬದ ಬಳಿ, ಗಾಳಿಗೆ ಬೀಸಿ ಹೊಡೆಯುವ ಒದ್ದೆ ಟವೆಲುಗಳ ಮಧ್ಯೆ ನಿಂತುಬಿಟ್ಟಳು.

ಶೆಡ್ಡಿನಿಂದ ಕ್ಲಾರಿ ತಲೆ ಹೊರಹಾಕಿದ. ಮಗಳ ಮುಖ ನೋಡಿ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ.

"ಏನಾಯ್ತೇ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಅಮ್ಮ ಅಂದ್ಳಪ್ಪ."

"ಯಾರು, ಮಾರ್ನೀನಾ? ನಿಜವಾಗ್ಲೂ?" ಮುದುಕ ಎರಡು ಹೆಜ್ಜೆ ಓಡಿಯೇ ಬಂದ. "ಅಯ್ಯೋ ಹುಚ್ಚೀ, ಮತ್ತೆ ಒಳಗಿರೋದು ಬಿಟ್ಟು ಈ ಗಾಳೀಲಿ ಯಾಕೆ ನಿಂತಿದ್ದೀ?"

"ಹೋಗು ಅಂದ್ಳಪ್ಪ" ಎಂದಳು ಕೆರಿನ್. "ಬಂದೆ."